ಪಾವಗಡದ ಬಿಸಿಲು, ಕೋಲಾರದ ಟೊಮೆಟೊ, ಕಂಪ್ಯೂಟರಿನ ಲೆಕ್ಕ

ಪಾವಗಡ ತಾಲ್ಲೂಕಿನ ತಿರುಮಣಿಯ ಕಡೆ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಸೌರ ಫಲಕವೊಂದರ ಬೆನ್ನಿಗೆ ಅಂಗೈ ಇಟ್ಟರೆ ಎರಡು ಎಣಿಸುವಷ್ಟರಲ್ಲಿ ಕೈ ಹಿಂದಕ್ಕೆ ಬರುತ್ತದೆ. ಊರಿನವರು ಅದನ್ನು ‘ಪ್ಲೇಟು’ ಎಂದೇ ಕರೆಯುತ್ತಾರೆ. ಗಾಳಿಯ ಉಷ್ಣತೆ 38–39 ಡಿಗ್ರಿ ಇರುವ ದಿನ ಪ್ಲೇಟಿನೊಳಗಿನ ಸಿಲಿಕಾನ್ ಬಿಲ್ಲೆಗಳು 60ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತವೆ. ಅದೇ ಬೆನ್ನಿಗೆ ಕಾರ್ಖಾನೆಯವರು ಅಂಟಿಸಿದ ಚೀಟಿಯಲ್ಲಿರುವ ವ್ಯಾಟ್ ಲೆಕ್ಕವಾದರೋ 25 ಡಿಗ್ರಿಯಲ್ಲಿ ಅಳೆದದ್ದು. ಸಿಲಿಕಾನ್ ಕೋಶವು 25 ಡಿಗ್ರಿಯಿಂದ ಮೇಲೆ ಏರುವ ಒಂದೊಂದು ಡಿಗ್ರಿಗೂ ತನ್ನ ಶಕ್ತಿಯಲ್ಲಿ ಶೇ 0.3ರಿಂದ 0.4ರಷ್ಟನ್ನು ಕಳೆದುಕೊಳ್ಳುತ್ತದೆ, 65 ಡಿಗ್ರಿಗೆ ಹೋದಾಗ ಆ ನಷ್ಟ ಶೇ 12ರಿಂದ 16ರವರೆಗೆ ಮುಟ್ಟುತ್ತದೆ. ಬೆಳಕು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚುತ್ತದೆ, ಆದರೆ ಶಾಖ ಹೆಚ್ಚಿದಷ್ಟೂ ಅದು ಸೋರಿಹೋಗುತ್ತದೆ. ಬಯಲುಸೀಮೆಯಲ್ಲಿ ಬೆಳಕು ಮತ್ತು ಶಾಖ ಒಟ್ಟಿಗೇ ಬರುತ್ತವೆ.

ಚೀಟಿಯಲ್ಲಿರುವ ಅಂಕಿಗೂ ಅಂಗೈಗೆ ತಾಗಿದ ಬಿಸಿಗೂ ನಡುವೆ ಇರುವ ಈ ಅಂತರವನ್ನು ಮುಂದಿಟ್ಟುಕೊಂಡು ಇತ್ತೀಚಿನ ಸಂಶೋಧನೆಯ ಒಂದು ದೊಡ್ಡ ಬದಲಾವಣೆಯನ್ನು ವಿವರಿಸಲು ಇಲ್ಲಿ ಪ್ರಯತ್ನಿಸುತ್ತೇನೆ. ಕಳೆದ ಐದಾರು ವರ್ಷಗಳಲ್ಲಿ ಸೌರಕೋಶಕ್ಕೆ ಹೊಸ ವಸ್ತುಗಳನ್ನು ಹುಡುಕುವವರೂ ಬೆಳೆಗಳ ವಂಶವಾಹಿಗಳನ್ನು ಓದುವವರೂ ಕಂಪ್ಯೂಟರ್ ವಿಜ್ಞಾನಿಗಳ ಜೊತೆ ಒಂದೇ ದಾರಿಗೆ ಬಂದು ಸೇರಿದ್ದಾರೆ. ಹಿಂದೆ ಪ್ರಯೋಗಾಲಯದಲ್ಲಿ ಒಂದೊಂದಾಗಿ ಮಾಡಿ ನೋಡುತ್ತಿದ್ದುದನ್ನು ಈಗ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಲೆಕ್ಕ ಹಾಕಿ, ‘ಇದು ಆಗಬಹುದು’ ಎಂಬ ಪಟ್ಟಿಯನ್ನು ಕಂಪ್ಯೂಟರ್ ಕೊಡುತ್ತದೆ. ಪಟ್ಟಿ ಮಾಡುವ ಕೆಲಸ ಅಗ್ಗವಾಗಿದೆ. ಪಟ್ಟಿಯಲ್ಲಿರುವುದು ಬಿಸಿಲಿಗೆ, ಧೂಳಿಗೆ, ರೋಗಕ್ಕೆ ನಿಲ್ಲುತ್ತದೆಯೇ ಎಂದು ನೋಡುವ ಕೆಲಸ ಮಾತ್ರ ಮೊದಲಿನಷ್ಟೇ ನಿಧಾನವಾಗಿದೆ, ಮೊದಲಿನಷ್ಟೇ ದುಬಾರಿಯಾಗಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಈ ಎರಡನೇ ಕೆಲಸಕ್ಕೆ ಹೇಳಿ ಮಾಡಿಸಿದ ನೆಲ. ಹಾಗಿದ್ದೂ ನಾವು ಈ ಕಥೆಯಲ್ಲಿ ಜಮೀನು ಕೊಡುವವರಾಗಿ, ಬೀಜ ಕೊಳ್ಳುವವರಾಗಿ ಮಾತ್ರ ಉಳಿದಿದ್ದೇವೆ ಎಂಬುದು ನನ್ನ ಕಳವಳ.

ಮೊದಲು ನೆಲದ ಲೆಕ್ಕವನ್ನೇ ನೋಡೋಣ. ಪಾವಗಡದ ‘ಶಕ್ತಿ ಸ್ಥಳ’ ಸೌರ ಉದ್ಯಾನ 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ತಲುಪಿತು. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಇದಕ್ಕೆ ಹೋಗಿದೆ. ಜಮೀನನ್ನು ಕೊಂಡುಕೊಳ್ಳದೆ 25 ವರ್ಷಕ್ಕೂ ಮೀರಿದ ಗುತ್ತಿಗೆಗೆ ಪಡೆದದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಸುವ ಒಪ್ಪಂದ ಮಾಡಿಕೊಂಡದ್ದು ಆಗ ದೇಶದಲ್ಲೆಲ್ಲ ಚರ್ಚೆಯಾಯಿತು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬಿತ್ತನೆಯ ಖರ್ಚೂ ಹುಟ್ಟದ ಸೀಮೆಯಲ್ಲಿ ಜಮೀನಿದ್ದವರಿಗೆ ಇದು ದೊಡ್ಡ ಆಸರೆ. ಜಮೀನಿಲ್ಲದ ಕೂಲಿಯವರಿಗೆ ಬಾಡಿಗೆಯೂ ಬರಲಿಲ್ಲ, ಕಳೆ ಕೀಳುವ ಕೆಲಸವೂ ಉಳಿಯಲಿಲ್ಲ. ಈಗ ಅಂಕಿಯೊಂದನ್ನು ಬದಲಾಯಿಸಿ ನೋಡಿ. ಆ ಕಾಲದ ಫಲಕಗಳ ದಕ್ಷತೆಯನ್ನು, ಅಂದರೆ ಬಿದ್ದ ಬೆಳಕಿನ ಶಕ್ತಿಯಲ್ಲಿ ವಿದ್ಯುತ್ತಾಗುವ ಪಾಲನ್ನು, ಶೇ 17 ಎಂದು ಇಟ್ಟುಕೊಂಡು, ಶೇ 25 ದಕ್ಷತೆಯ ಫಲಕದಿಂದ ಅಷ್ಟೇ ಮೆಗಾವ್ಯಾಟ್ ತೆಗೆಯುವುದಾದರೆ ಬೇಕಾಗುವ ನೆಲ 9,000 ಎಕರೆಗೂ ಕಡಿಮೆ. ಇದು ಒರಟು ಲೆಕ್ಕ. ಸಾಲುಗಳ ನಡುವಿನ ಅಂತರ, ದಾರಿ, ತಂತಿ ಎಲ್ಲ ಸೇರಿದರೆ ಸ್ವಲ್ಪ ಹೆಚ್ಚುಕಡಿಮೆಯಾದೀತು. ಆದರೂ 4,000 ಎಕರೆಯಷ್ಟು ನೆಲ ರಾಗಿಗೂ ಕಡಲೆಕಾಯಿಗೂ ಕುರಿ ಮೇವಿಗೂ ಉಳಿಯಬಹುದಿತ್ತು ಎಂದಾಗ, ಸೌರಕೋಶದ ದಕ್ಷತೆ ಎಂಬ ಪ್ರಯೋಗಾಲಯದ ಪದ ನಮ್ಮ ಪಹಣಿಯೊಳಕ್ಕೇ ಬಂದು ಕೂರುತ್ತದೆ.

ಸಿಲಿಕಾನ್ ಒಂದನ್ನೇ ನಂಬಿಕೊಂಡು ಈ ದಕ್ಷತೆಯನ್ನು ಬಹಳ ಮೇಲಕ್ಕೆ ಒಯ್ಯಲಾಗದು. ಸಿಲಿಕಾನ್ ಕೋಶದ ಸೈದ್ಧಾಂತಿಕ ಮಿತಿ ಶೇ 29.4, ಪ್ರಯೋಗಾಲಯದ ದಾಖಲೆ ಈಗಾಗಲೇ ಶೇ 27 ದಾಟಿದೆ. ಹಾಗಾಗಿ ಎಲ್ಲರ ಕಣ್ಣು ಪೆರೋವ್‌ಸ್ಕೈಟ್ ಎಂಬ ವಸ್ತುಗಳ ಕುಟುಂಬದ ಮೇಲೆ ನೆಟ್ಟಿದೆ. 1839ರಲ್ಲಿ ರಷ್ಯಾದ ಉರಲ್ ಬೆಟ್ಟಗಳಲ್ಲಿ ಸಿಕ್ಕ ಖನಿಜವೊಂದಕ್ಕೆ ಇಟ್ಟ ಹೆಸರು ಇದು. ಅದೇ ಬಗೆಯ ಹರಳಿನ ಕಟ್ಟಡವಿರುವ ನೂರಾರು ವಸ್ತುಗಳನ್ನು ಇಂದು ಇದೇ ಹೆಸರಿನಿಂದ ಕರೆಯುತ್ತಾರೆ. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಸೀಸ, ಅಯೋಡಿನ್ ಮತ್ತು ಸಣ್ಣದೊಂದು ಸಾವಯವ ಅಣುವನ್ನು ಸೇರಿಸಿದ ಪೆರೋವ್‌ಸ್ಕೈಟ್‌ನಿಂದ ಶೇ 3.8 ದಕ್ಷತೆಯ ಕೋಶ ಮಾಡಿತು. ಸಿಲಿಕಾನನ್ನು ಹರಳಾಗಿಸಲು 1,414 ಡಿಗ್ರಿಯಲ್ಲಿ ಕರಗಿಸಬೇಕು; ಪೆರೋವ್‌ಸ್ಕೈಟನ್ನು ದ್ರಾವಣವಾಗಿ ಬಳಿದು 100–150 ಡಿಗ್ರಿಯಲ್ಲಿ ಒಣಗಿಸಿದರೆ ಸಾಕು. ಇದರ ಪದರ ಒಂದು ಮೈಕ್ರೋಮೀಟರಿಗೂ ತೆಳು. ಸೂರ್ಯನ ಬೆಳಕಿನಲ್ಲಿ ನೀಲಿ, ಹಸಿರಿನ ಕಡೆಯ ಹೆಚ್ಚು ಶಕ್ತಿಯ ಕಿರಣಗಳನ್ನು ಮೇಲಿನ ಪೆರೋವ್‌ಸ್ಕೈಟ್ ಪದರವೂ, ಕೆಂಪು ಮತ್ತು ಅದರಾಚೆಯ ಕಿರಣಗಳನ್ನು ಕೆಳಗಿನ ಸಿಲಿಕಾನೂ ಹಂಚಿಕೊಂಡು ಹೀರಿದರೆ ಎರಡೂ ಸೇರಿ ಒಂದಕ್ಕಿಂತ ಹೆಚ್ಚು ಕೊಡುತ್ತವೆ. ಇಂಥ ಜೋಡಿ ಕೋಶಕ್ಕೆ ಟ್ಯಾಂಡಮ್ ಎಂದು ಹೆಸರು. ಚೀನಾದ ಲಾಂಗಿ ಕಂಪನಿ 2025ರಲ್ಲಿ ಇದರಲ್ಲಿ ಶೇ 34.85ರ ದಾಖಲೆ ಮಾಡಿದೆ. ನಮ್ಮ ಐಐಟಿ ಬಾಂಬೆಯ ತಂಡವೂ ಶೇ 30ರ ಸಮೀಪಕ್ಕೆ ಬಂದಿದೆ. ಆಕ್ಸ್‌ಫರ್ಡ್ ಪಿವಿ ಎಂಬ ಸಂಸ್ಥೆ 2024ರಲ್ಲಿ ಶೇ 24.5 ದಕ್ಷತೆಯ ಟ್ಯಾಂಡಮ್ ಫಲಕಗಳನ್ನು ಮಾರಾಟಕ್ಕೆ ಕಳಿಸಿತು.

ದಾಖಲೆಗಳ ಸುದ್ದಿ ಇಲ್ಲಿಗೆ ಮುಗಿಯುತ್ತದೆ, ತೊಡಕು ಇಲ್ಲಿಂದ ಶುರುವಾಗುತ್ತದೆ. ಪೆರೋವ್‌ಸ್ಕೈಟ್‌ನ ಹರಳು ಮೆದು. ತೇವ ತಾಗಿದರೆ ಕರಗುತ್ತದೆ. ಬೆಳಕು ಮತ್ತು ವಿದ್ಯುತ್ತಿನ ಸೆಳೆತಕ್ಕೆ ಅದರೊಳಗಿನ ಅಯೋಡಿನ್ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ಜಾಗ ಬಿಟ್ಟು ಅಲೆಯುತ್ತವೆ. ಮೊದಲ ಕೋಶಗಳಲ್ಲಿ ಬಳಸಿದ ಮೀಥೈಲ್ ಅಮೋನಿಯಂ ಎಂಬ ಸಾವಯವ ಅಣು 85 ಡಿಗ್ರಿಯ ಸುಮಾರಿಗೆ ಆವಿಯಾಗಿ ಹೊರಟುಹೋಗುತ್ತದೆ. ಅದಕ್ಕೆ ಬದಲಾಗಿ ಫಾರ್ಮಮಿಡಿನಿಯಂ ಬಳಸಿದರೆ ಶಾಖಕ್ಕೆ ನಿಲ್ಲುತ್ತದೆ, ಆದರೆ ಆ ಹರಳು ಸಾಮಾನ್ಯ ಉಷ್ಣತೆಯಲ್ಲಿ ಬೆಳಕು ಹೀರುವ ಕಪ್ಪು ರೂಪ ಬಿಟ್ಟು ಕೆಲಸಕ್ಕೆ ಬಾರದ ಹಳದಿ ರೂಪಕ್ಕೆ ಜಾರುತ್ತದೆ. ಹಾಗೆ ಜಾರದಂತೆ ಹಿಡಿಯಲು ಸೀಸಿಯಂ ಬೆರೆಸುತ್ತಾರೆ. ಫಲಕಗಳ ಬಾಳಿಕೆಯನ್ನು ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 85 ಡಿಗ್ರಿ ಶಾಖ, ಶೇ 85 ತೇವಾಂಶದ ಪೆಟ್ಟಿಗೆಯಲ್ಲಿ 1,000 ಗಂಟೆ ಇಡುತ್ತಾರೆ. ಅದು 42 ದಿನ. ಫಲಕಕ್ಕೆ ಕೊಡುವ ಭರವಸೆ 25 ವರ್ಷ, ಅಂದರೆ 2,19,000 ಗಂಟೆ, ಕಾದು ಆರುವ 9,000ಕ್ಕೂ ಹೆಚ್ಚು ಹಗಲು ರಾತ್ರಿಗಳು. ಕತ್ತಲೆಯ ಪೆಟ್ಟಿಗೆಯಲ್ಲಿ ಗೆದ್ದ ಕೋಶ ಬೆಳಕಿನಲ್ಲಿ ಸೋಲುವುದುಂಟು. ರಾತ್ರಿ ವಿಶ್ರಾಂತಿ ಸಿಕ್ಕರೆ ಕೊಂಚ ಚೇತರಿಸಿಕೊಳ್ಳುವುದೂ ಉಂಟು. ಸಿಲಿಕಾನ್ ಫಲಕಗಳ ವಿಷಯದಲ್ಲಿಯೇ ಐಐಟಿ ಬಾಂಬೆ ಮತ್ತು ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಸೇರಿ ದೇಶದಾದ್ಯಂತ ನಡೆಸಿದ ಸಮೀಕ್ಷೆಗಳು, ಬಿಸಿ ಹೆಚ್ಚಿರುವ ಪ್ರದೇಶಗಳಲ್ಲಿ ಫಲಕಗಳು ಬೇಗ ಸವೆಯುತ್ತವೆ ಎಂದು ತೋರಿಸಿಕೊಟ್ಟಿವೆ. ಯುರೋಪಿನ ಛಾವಣಿಯ ಮೇಲೆ ಪಡೆದ ಸರ್ಟಿಫಿಕೇಟನ್ನು ತಿರುಮಣಿಯ ಬಂಡೆಬಯಲಿಗೆ ಹಾಗೆಯೇ ತಂದು ಹಾಕುವಂತಿಲ್ಲ.

ಇದರಲ್ಲಿ ನನಗೆ ಹೆಚ್ಚು ಆತಂಕ ತರುವುದು ಸೀಸ. ಅರ್ಧ ಮೈಕ್ರೋಮೀಟರ್ ದಪ್ಪದ ಪದರದಲ್ಲಿ ಚದರ ಮೀಟರಿಗೆ ಒಂದು ಗ್ರಾಂಗಿಂತ ಕಡಿಮೆ ಸೀಸ ಇರುತ್ತದೆ. ಒಂದು ಫಲಕದ ಮಟ್ಟಿಗೆ ಇದು ಅಲ್ಪ. ಪಾವಗಡದಷ್ಟು ದೊಡ್ಡ ಉದ್ಯಾನಕ್ಕೆ ಸುಮಾರು ಒಂದು ಕೋಟಿ ಚದರ ಮೀಟರ್ ಫಲಕ ಬೇಕು ಎಂದುಕೊಂಡರೆ ಆ ಅಲ್ಪವೇ ಕೆಲವು ಟನ್ ಆಗುತ್ತದೆ. ಗಾಜು ಒಡೆದು ಮಳೆ ಬಿದ್ದರೆ ನೀರಿಗೆ ಇಳಿಯುವ ರೂಪದಲ್ಲಿ ಆ ಸೀಸ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಸೋರುವ ಸೀಸವನ್ನು ಹಿಡಿದಿಡುವ ಪದರಗಳನ್ನು ಸಂಶೋಧಕರು ತಯಾರಿಸಿದ್ದಾರೆ, ಸೀಸದ ಬದಲು ತವರ ಬಳಸಿಯೂ ನೋಡಿದ್ದಾರೆ. ತವರದ ಕೋಶಗಳು ಗಾಳಿಗೆ ಬೇಗ ಕೆಡುತ್ತವೆ, ದಕ್ಷತೆಯೂ ಕಡಿಮೆ. ಕುಡಿಯುವ ನೀರಿನ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕಳೆದುಕೊಂಡ ತಾಲ್ಲೂಕಿಗೆ ಇನ್ನೊಂದು ಧಾತುವನ್ನು ತರುವ ಮೊದಲು, ಒಡೆದ ಫಲಕ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಇರಬೇಕು.

ಸೀಸವಿಲ್ಲದ, ಶಾಖಕ್ಕೆ ಬಗ್ಗದ ವಸ್ತುವನ್ನು ಹುಡುಕುವ ಕೆಲಸಕ್ಕೆ ಕಂಪ್ಯೂಟರ್ ಬಂದಿರುವುದು ಹೀಗೆ. ವಸ್ತುವೊಂದರ ಎಲೆಕ್ಟ್ರಾನುಗಳ ಶಕ್ತಿಯನ್ನು ಲೆಕ್ಕ ಹಾಕಿ ಅದು ನಿಲ್ಲುವ ಹರಳೋ ಕುಸಿಯುವ ಹರಳೋ ಎಂದು ಹೇಳುವ ವಿಧಾನಕ್ಕೆ 1964–65ರಲ್ಲಿ ವಾಲ್ಟರ್ ಕೋನ್ ಮತ್ತು ಸಂಗಡಿಗರು ಅಡಿಪಾಯ ಹಾಕಿದರು. ಅದಕ್ಕಾಗಿ ಕೋನ್ ಅವರಿಗೆ 1998ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಒಂದೊಂದು ಹರಳಿನ ಲೆಕ್ಕಕ್ಕೂ ಗಂಟೆಗಟ್ಟಲೆ ಕಂಪ್ಯೂಟರ್ ಓಡಬೇಕು. ಆ ಲೆಕ್ಕಗಳ ಫಲಿತಾಂಶವನ್ನೇ ಪಾಠವಾಗಿ ಕಲಿತ ನರಜಾಲ ಎಂಬ ಕಂಪ್ಯೂಟರ್ ಮಾದರಿಗಳು ಈಗ ಅದೇ ಉತ್ತರವನ್ನು ಕ್ಷಣದಲ್ಲಿ ಅಂದಾಜು ಮಾಡುತ್ತವೆ. ಗೂಗಲ್ಲಿನ ಕೃತಕ ಬುದ್ಧಿಮತ್ತೆ ಸಂಸ್ಥೆ ಡೀಪ್‌ಮೈಂಡ್ 2023ರ ನವೆಂಬರಿನಲ್ಲಿ ಹೀಗೆ 22 ಲಕ್ಷ ಹೊಸ ಹರಳುಗಳನ್ನು ಊಹಿಸಿ, ಅವುಗಳಲ್ಲಿ ಸುಮಾರು 3,80,000 ಸ್ಥಿರವಾಗಿ ನಿಲ್ಲಬಲ್ಲವು ಎಂದು ಪ್ರಕಟಿಸಿತು. ಅದೇ ದಿನಗಳಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಎ-ಲ್ಯಾಬ್ ಎಂಬ ರೋಬೋಟ್ ಪ್ರಯೋಗಾಲಯ, ಕಂಪ್ಯೂಟರ್ ಸೂಚಿಸಿದ 58 ವಸ್ತುಗಳಲ್ಲಿ 41ನ್ನು 17 ದಿನದಲ್ಲಿ ತಾನೇ ತಯಾರಿಸಿದ್ದಾಗಿ ಹೇಳಿತು.

ಸುದ್ದಿ ಪತ್ರಿಕೆಗಳಲ್ಲಿ ಇಷ್ಟು ದೊಡ್ಡದಾಗಿ ಬಂತು. ಮುಂದಿನ ತಿಂಗಳುಗಳ ವಾದ ಅಷ್ಟು ದೊಡ್ಡದಾಗಿ ಬರಲಿಲ್ಲ. ಲಂಡನ್ನಿನ ರಾಬರ್ಟ್ ಪಾಲ್‌ಗ್ರೇವ್, ಪ್ರಿನ್ಸ್‌ಟನ್ನಿನ ಲೆಸ್ಲಿ ಸ್ಕೂಪ್ ಮೊದಲಾದ ರಸಾಯನ ವಿಜ್ಞಾನಿಗಳು ಎ-ಲ್ಯಾಬಿನ ಎಕ್ಸ್-ರೇ ಫಲಿತಾಂಶಗಳನ್ನು ಮತ್ತೆ ಓದಿ, ಅಲ್ಲಿ ನಿಜವಾಗಿ ಹೊಸ ವಸ್ತು ಯಾವುದೂ ಸಿಕ್ಕಂತಿಲ್ಲ, ಬಹಳಷ್ಟು ಮೊದಲೇ ಗೊತ್ತಿದ್ದ ಸಂಯುಕ್ತಗಳು ಎಂದು ತೋರಿಸಿದರು. ಆಂಟನಿ ಚೀಥಮ್ ಮತ್ತು ರಾಮ್ ಶೇಷಾದ್ರಿ ಎಂಬ ವಸ್ತುವಿಜ್ಞಾನಿಗಳು 2024ರಲ್ಲಿ ಡೀಪ್‌ಮೈಂಡ್ ಪಟ್ಟಿಯನ್ನೇ ಪರಿಶೀಲಿಸಿ, ಹೊಸತನ, ನಂಬಿಕೆ, ಉಪಯೋಗ ಈ ಮೂರೂ ಒಟ್ಟಿಗೆ ಇರುವುದಕ್ಕೆ ಸಾಕ್ಷ್ಯ ಕಡಿಮೆ ಎಂದು ಬರೆದರು. ತಪ್ಪು ನುಸುಳಿದ ದಾರಿಯನ್ನು ಗಮನಿಸಬೇಕು. ಇಂಥ ಲೆಕ್ಕಗಳು ಸಾಮಾನ್ಯವಾಗಿ ನಿರಪೇಕ್ಷ ಶೂನ್ಯ ಉಷ್ಣತೆಗೆ, ಅಂದರೆ ಸೊನ್ನೆಗಿಂತ 273 ಡಿಗ್ರಿ ಕೆಳಗೆ, ಪ್ರತಿಯೊಂದು ಪರಮಾಣುವೂ ತನ್ನ ಜಾಗದಲ್ಲಿ ಶಿಸ್ತಾಗಿ ಕುಳಿತಿದೆ ಎಂದು ಭಾವಿಸಿ ಹಾಕಿದವು. ನಿಜವಾದ ವಸ್ತುವನ್ನು ಕುಲುಮೆಯಲ್ಲಿ ಬೇಯಿಸಿದಾಗ ಎರಡು ಬಗೆಯ ಪರಮಾಣುಗಳು ಜಾಗ ಅದಲುಬದಲು ಮಾಡಿಕೊಂಡು ಬೆರೆತುಬಿಡುತ್ತವೆ. ಲೆಕ್ಕದಲ್ಲಿ ಎರಡಾಗಿ ಕಂಡದ್ದು ಬಟ್ಟಲಿನಲ್ಲಿ ಒಂದೇ ಆಗಿರುತ್ತದೆ. ಸೊನ್ನೆಗಿಂತ 273 ಡಿಗ್ರಿ ಕೆಳಗಿನ ಆ ಲೆಕ್ಕದಿಂದ ನಮ್ಮ ಪ್ಲೇಟಿನ 65 ಡಿಗ್ರಿಗೆ ಇರುವ ದೂರವನ್ನು ಇನ್ನಷ್ಟು ವೇಗದ ಕಂಪ್ಯೂಟರ್ ಒಂದೇ ದಾಟಿಸಲಾರದು. ಹಾಗೆಂದು ಈ ವಿಧಾನವನ್ನು ತಳ್ಳಿಹಾಕುವುದೂ ಸರಿಯಲ್ಲ. ಸಾವಿರ ಮಿಶ್ರಣಗಳಲ್ಲಿ ಯಾವ ಇಪ್ಪತ್ತನ್ನು ಮೊದಲು ಬೇಯಿಸಬೇಕು ಎಂದು ಹೇಳುವ ಸಹಾಯಕ ದೊರೆತರೆ ಬಡ ಪ್ರಯೋಗಾಲಯಕ್ಕೆ ಅದು ದೊಡ್ಡ ಉಳಿತಾಯ.

ಈ ಸಹಾಯಕನಿಗೂ ಹೊಟ್ಟೆಯಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಕೇಂದ್ರಗಳು ಬಳಸಿದ ವಿದ್ಯುತ್ ಸುಮಾರು 41,500 ಕೋಟಿ ಯೂನಿಟ್. 2030ಕ್ಕೆ ಅದು ಇಮ್ಮಡಿಗೂ ಹೆಚ್ಚಾಗಿ 94,500 ಕೋಟಿಯಷ್ಟಾಗಬಹುದು. ಪಾವಗಡದ ಉದ್ಯಾನ ರಾತ್ರಿ, ಮೋಡ ಎಲ್ಲ ಕಳೆದು ತನ್ನ ಸಾಮರ್ಥ್ಯದ ಶೇ 20ಕ್ಕೆ ಸ್ವಲ್ಪ ಮೇಲೆ ಉತ್ಪಾದಿಸುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 400 ಕೋಟಿ ಯೂನಿಟ್ ಆಯಿತು. ನೂರು ಪಾವಗಡ ಸೇರಿದರೆ 2024ರ ಡೇಟಾ ಕೇಂದ್ರಗಳಿಗೆ ಸಾಕಾದೀತು. ಈ ಹಸಿವಿಗೆ ಒಂದು ಮುಖ್ಯ ಕಾರಣ, ಕಂಪ್ಯೂಟರಿನಲ್ಲಿ ನೆನಪಿನ ಭಾಗವೂ ಲೆಕ್ಕದ ಭಾಗವೂ ಬೇರೆಬೇರೆಯಾಗಿದ್ದು ಅಂಕಿಗಳನ್ನು ಅಲ್ಲಿಂದಿಲ್ಲಿಗೆ ಹೊತ್ತು ತಿರುಗುವುದರಲ್ಲೇ ವಿದ್ಯುತ್ ಖರ್ಚಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತು ತಂಡ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಪರಿಹಾರ ಹುಡುಕುವ ದಾರಿಯಲ್ಲಿದೆ. ಅಣುಗಳ ತೆಳು ಪದರವೊಂದರಲ್ಲಿ ಅವರು ಸುಮಾರು 16,500 ಬೇರೆಬೇರೆ ವಾಹಕ ಸ್ಥಿತಿಗಳನ್ನು, ಅಂದರೆ ವಿದ್ಯುತ್ತನ್ನು ಹರಿಯಬಿಡುವ ಮಟ್ಟಗಳನ್ನು, ಹಿಡಿದಿಟ್ಟಿದ್ದಾರೆ; ಸಾಮಾನ್ಯ ಅಂಕೀಯ ಸ್ವಿಚ್ಚಿಗೆ ಇರುವುದು ಎರಡೇ. ನೆನಪಿರುವಲ್ಲೇ ಲೆಕ್ಕ ನಡೆದರೆ ಹೊರುವ ಶ್ರಮ ತಪ್ಪುತ್ತದೆ. ಸೌರಕೋಶಕ್ಕೆ ಹೊಸ ವಸ್ತು ಹುಡುಕಲು ಕಂಪ್ಯೂಟರ್, ಆ ಕಂಪ್ಯೂಟರಿಗೆ ಹೊಸ ವಸ್ತು, ಅದಕ್ಕೆ ವಿದ್ಯುತ್ ಕೊಡಲು ಮತ್ತೆ ನಮ್ಮ ಬಯಲು: ಹೀಗೆ ಸುತ್ತು ಬರುತ್ತದೆ.

ಗಿಡಗಳ ಕಡೆಗೆ ಬಂದರೆ ಇದೇ ಕಥೆ ಇನ್ನೂ ಹತ್ತಿರದಿಂದ ಕಾಣುತ್ತದೆ. ಮುಳಬಾಗಿಲು ರಸ್ತೆಯ ಬದಿಯ ಟೊಮೆಟೊ ತೋಟವೊಂದರಲ್ಲಿ ಒಮ್ಮೆ ನಿಂತಿದ್ದೆ. ಮಲ್ಚಿಂಗ್ ಪೇಪರ್ ಹಾಸಿದ ಸಾಲು, ಹನಿ ನೀರಿನ ಪೈಪು, ಗಿಡಕ್ಕೊಂದು ಕಡ್ಡಿ. ತೋಟದ ಅಕ್ಕ ಸಾಲಿನುದ್ದಕ್ಕೂ ಬಗ್ಗಿ ನೋಡುತ್ತ ಹೇಳಿದರು: ‘ಎರಡು ಗಿಡ ಚೆನ್ನಾಗವೆ ಸಾರ್, ಮೂರನೇದು ಮುಟುರ್ಕೊಂಡೈತೆ. ಬೀಜ ಒಂದೇ, ನೀರೂ ಒಂದೇ. ಯಾಕೆ ಅಂತ ಯಾರನ್ನ ಕೇಳೋದು?’ ಆ ಮೂರನೇ ಗಿಡದ ಚಿಗುರೆಲೆಗಳು ಅಂಚಿನಿಂದ ಮೇಲಕ್ಕೆ ಸುರುಳಿ ಸುತ್ತಿಕೊಂಡು ದಪ್ಪಗಾಗಿದ್ದವು, ನರಗಳ ನಡುವೆ ಹಳದಿ ಇಳಿದಿತ್ತು, ಹೂವು ಉದುರಿತ್ತು. ಎಲೆ ತಿರುವಿದಾಗ ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ನೊಣಗಳು ಹಾರಿದವು. ಎಲೆ ಮುಟುರು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಈ ನೊಣವೇ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ದೇಶವೆಲ್ಲ ಬೆಲೆಯ ಮಾತಾಡಿತು. ಬೆಳೆ ಕೈಗೆ ಬಾರದಿದ್ದುದಕ್ಕೆ ಇಲ್ಲಿನವರು ಕೊಟ್ಟ ಕಾರಣಗಳಲ್ಲಿ ಈ ರೋಗವೂ ಒಂದು.

ಟೊಮೆಟೊದ ಸುಮಾರು 90 ಕೋಟಿ ಅಕ್ಷರಗಳ ಜೀನೋಮನ್ನು, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹವನ್ನು, 2012ರಲ್ಲಿ ಓದಿ ಮುಗಿಸಿದರು. ಆ ಅಂತರರಾಷ್ಟ್ರೀಯ ಕೆಲಸದಲ್ಲಿ ಭಾರತದ ವಿಜ್ಞಾನಿಗಳೂ ಇದ್ದರು. ಮರುವರ್ಷವೇ, ದಕ್ಷಿಣ ಅಮೆರಿಕದ ಕಾಡು ಟೊಮೆಟೊ ಒಂದರಿಂದ ತಂದ ಟಿವೈ-1 ಎಂಬ ನಿರೋಧಕ ಜೀನ್ ಏನು ಮಾಡುತ್ತದೆಂದು ತಿಳಿಯಿತು. ಅದು ವೈರಸ್ಸಿನ ಡಿಎನ್‌ಎ ಮೇಲೆ ರಾಸಾಯನಿಕ ಗುರುತುಗಳನ್ನು ಹೆಚ್ಚಿಸಿ, ಆ ಡಿಎನ್‌ಎ ಕೆಲಸ ಮಾಡದಂತೆ ಬಾಯಿ ಕಟ್ಟುತ್ತದೆ. ಇಷ್ಟು ಗೊತ್ತಾದ ಮೇಲೆ ಸಸಿಯ ಎಲೆಯ ಚೂರೊಂದನ್ನು ಪರೀಕ್ಷಿಸಿಯೇ ಜೀನ್ ಇದೆಯೋ ಇಲ್ಲವೋ ಹೇಳಬಹುದು. ತಳಿ ಬೆಳೆಸುವವರಿಗೆ ವರ್ಷಗಳು ಉಳಿಯುತ್ತವೆ. ಆದರೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದ್ದು ಬೆಳೆಗಾರರ ಅನುಭವಕ್ಕೆ ಹತ್ತಿರವಾದದ್ದು: ಅದೇ ಗಿಡಕ್ಕೆ ಸೌತೆ ಮೊಸಾಯಿಕ್ ವೈರಸ್ ಕೂಡ ತಗುಲಿದರೆ ಟಿವೈ-1ರ ರಕ್ಷಣೆ ಸಡಿಲಾಗುತ್ತದೆ. ಎರಡನೇ ವೈರಸ್ ಗಿಡದ ಆ ಬಾಯಿ ಕಟ್ಟುವ ವ್ಯವಸ್ಥೆಯನ್ನೇ ಕೆಡಿಸುವುದು ಇದಕ್ಕೆ ಕಾರಣ. ಗಾಜಿನ ಮನೆಯಲ್ಲಿ ಒಂದು ಸಲಕ್ಕೆ ಒಂದೇ ವೈರಸ್ ಬಿಟ್ಟು ನೋಡುತ್ತಾರೆ. ಬಯಲಿನಲ್ಲಿ ಸೌತೆ, ಮೆಣಸಿನಕಾಯಿ, ಟೊಮೆಟೊ ಪಕ್ಕಪಕ್ಕದಲ್ಲೇ ಇರುತ್ತವೆ, ಮೂರರ ಪೀಡೆಗಳೂ ಬದು ದಾಟಿ ಬರುತ್ತವೆ. ಅಕ್ಕನ ಮೂರನೇ ಗಿಡಕ್ಕೆ ಆದದ್ದು ಇದೇ ಎಂದು ನಾನು ಹೇಳಲಾರೆ. ಹೀಗೂ ಆಗಬಲ್ಲದು ಎಂದು ಗೊತ್ತಿರುವಾಗ ಅದನ್ನು ಪರೀಕ್ಷಿಸದೆ ಬಿಡುವುದು ಮಾತ್ರ ನನಗೆ ಸಹಿಸದು.

ನಮ್ಮ ಸಂಸ್ಥೆಗಳು ಈ ರೋಗದ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಂದಿ, ಸಂಕ್ರಾಂತಿ, ವೈಭವ್ ಎಂಬ ನಿರೋಧಕ ತಳಿಗಳನ್ನು ಕೊಟ್ಟಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಈ ಮೂರಕ್ಕೂ ತಡೆಯೊಡ್ಡುವ ಹೈಬ್ರಿಡ್. ಇವೆಲ್ಲ ಹೊಲದಲ್ಲಿ ನಿಂತು ನೋಡಿ ಆರಿಸಿದ ತಳಿಗಳು ಎಂಬುದನ್ನು ಒತ್ತಿ ಹೇಳಬೇಕು. ಜಗತ್ತಿನ ಬೇರೆಡೆ ಈಗ ನಡೆಯುತ್ತಿರುವ ಕೆಲಸದ ರುಚಿಯೇ ಬೇರೆ: 2024ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಟೊಮೆಟೊದ ಎರಡು ಜೀನ್‌ಗಳನ್ನು ನಿಷ್ಕ್ರಿಯಗೊಳಿಸಿ, ಹಣ್ಣಿನ ಗಾತ್ರವಾಗಲಿ ಇಳುವರಿಯಾಗಲಿ ಇಳಿಯದಂತೆ ಸಕ್ಕರೆಯನ್ನು ಶೇ 30ರವರೆಗೆ ಏರಿಸಿದರು. ಒಳ್ಳೆಯ ವಿಜ್ಞಾನವೇ. ಆದರೂ ಮಂಡಿಗೆ ಬಾಕ್ಸ್ ಹೊರುವವರಿಗೆ ಬೇಕಾದದ್ದು ಸಿಹಿಗಿಂತ ಮೊದಲು ರೋಗಕ್ಕೆ ಬಗ್ಗದ ಗಿಡ.

ರಾಗಿಯ ವಿಷಯ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅದರ ಜೀನೋಮ್ ನಮ್ಮ ಮನೆಯಲ್ಲೇ ಓದಿದ್ದು. ಭತ್ತದ ಜೀನೋಮ್ 2005ರಲ್ಲಿ ಪೂರ್ತಿಯಾಗಿ ಸಿಕ್ಕಿತು; ರಾಗಿಗೆ ಮತ್ತೆ ಹನ್ನೆರಡು ವರ್ಷ ಬೇಕಾಯಿತು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿಟ್ಟಲಮನಿ ಮತ್ತು ತಂಡ, ಬರ ತಡೆಯುವ ಎಂಎಲ್-365 ತಳಿಯ ಸುಮಾರು 120 ಕೋಟಿ ಅಕ್ಷರಗಳ ಕರಡನ್ನು ಪ್ರಕಟಿಸಿ, ಅದರಲ್ಲಿ 85,000ಕ್ಕೂ ಹೆಚ್ಚು ಜೀನ್‌ಗಳನ್ನು ಗುರುತಿಸಿತು. ಮರುವರ್ಷ ಇನ್ನೊಂದು ತಂಡ ಬೇರೊಂದು ತಳಿಯನ್ನು ಓದಿ ಸುಮಾರು 62,000 ಎಂದಿತು. ಈ ವ್ಯತ್ಯಾಸಕ್ಕೆ ರಾಗಿಯ ಹುಟ್ಟೇ ಕಾರಣ. ಆಫ್ರಿಕಾದಲ್ಲಿ ಎರಡು ಬೇರೆ ಹುಲ್ಲುಗಳು ಸೇರಿ ಆದ ಬೆಳೆ ಇದು; ಜೀನೋಮನ್ನು ಪುಸ್ತಕ ಎಂದುಕೊಂಡರೆ ಅದರ ಒಂದೊಂದು ಪುಟವೂ ಅಲ್ಪಸ್ವಲ್ಪ ಬದಲಾಗಿ ಎರಡೆರಡು ಪ್ರತಿಯಲ್ಲಿದೆ. ಹರಿದ ಚೂರುಗಳಿಂದ ಇಂಥ ಪುಸ್ತಕವನ್ನು ಜೋಡಿಸುವಾಗ ಯಾವ ಚೂರು ಯಾವ ಪ್ರತಿಯದು ಎಂದು ಹೇಳುವುದು ಕಂಪ್ಯೂಟರಿಗೂ ಕಷ್ಟ. ಒಂದು ಹುಲ್ಲು ಯಾವುದೆಂದು ಗೊತ್ತಾಗಿದೆ, ಇನ್ನೊಂದು ಇಂದಿಗೂ ಪತ್ತೆಯಾಗಿಲ್ಲ. ಉದ್ದುದ್ದ ಸಾಲುಗಳನ್ನು ಒಮ್ಮೆಗೇ ಓದುವ ಯಂತ್ರಗಳು ಬಂದ ಮೇಲೆ, 2023ರಲ್ಲಿ ರಾಗಿಯ ವರ್ಣತಂತುಗಳು ಬಹುಮಟ್ಟಿಗೆ ಪೂರ್ತಿಯಾಗಿ ಜೋಡಣೆಗೊಂಡವು.

ಈ ಪುಸ್ತಕವನ್ನು ಬಳಸುವ ದಾರಿಯೊಂದು ಜೀನೋಮ್ ಆಧಾರಿತ ಆಯ್ಕೆ. 2001ರಲ್ಲಿ ಜಾನುವಾರುಗಳ ತಳಿ ಸುಧಾರಣೆಗಾಗಿ ಮೊದಲು ಸೂಚಿತವಾದ ವಿಧಾನ ಇದು: ಕೆಲವು ನೂರು ತಳಿಗಳ ಡಿಎನ್‌ಎ ಗುರುತುಗಳನ್ನೂ ಹೊಲದಲ್ಲಿ ಅವು ಕೊಟ್ಟ ಇಳುವರಿಯನ್ನೂ ಜೊತೆಗಿಟ್ಟು ಕಂಪ್ಯೂಟರಿಗೆ ಕಲಿಸಿದರೆ, ಇನ್ನೂ ಬಿತ್ತದ ಸಸಿಯ ಇಳುವರಿಯನ್ನು ಅದರ ಡಿಎನ್‌ಎಯಿಂದಲೇ ಅಂದಾಜು ಮಾಡುತ್ತದೆ. ಇಲ್ಲಿಯೂ ಕಲಿಕೆಯ ಪಾಠ ಬರುವುದು ಹೊಲದಿಂದ. ಮಂಡ್ಯದ ನಾಲೆ ನೀರಿನಲ್ಲಿ ಕಲಿತ ಮಾದರಿ ಗೌರಿಬಿದನೂರಿನ ಕೆಂಪು ಮಣ್ಣಿನಲ್ಲಿ, ಶಿರಾದ ಮಳೆಯಾಶ್ರಯದಲ್ಲಿ ತಪ್ಪುತ್ತದೆ. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ, ತನಗೆ ತಾನೇ ಪರಾಗ ಕಟ್ಟಿಕೊಳ್ಳುವ ಆ ಗಿಡವನ್ನು ಇನ್ನೊಂದರ ಜೊತೆ ಬೆರೆಸುವುದೇ ಸಾಹಸ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಆಫ್ರಿಕಾದ ಮತ್ತು ನಮ್ಮ ರಾಗಿಗಳನ್ನು ಬೆರೆಸಿ ಇಂಡಾಫ್ ತಳಿಗಳನ್ನು ಹೊರತಂದಾಗ ಅವರ ಬಳಿ ಜೀನೋಮ್ ಇರಲಿಲ್ಲ, ವರ್ಷವರ್ಷವೂ ತೆನೆ ತೆನೆಯನ್ನು ನೋಡಿದ ದಾಖಲೆ ಇತ್ತು. ಎಂಎಲ್-365ರ ವಂಶದಲ್ಲೂ ಒಂದು ಇಂಡಾಫ್ ಇದೆ.

ಜೀನ್ ತಿದ್ದುಪಡಿಯ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಹೊರಗಿನ ಜೀವಿಯ ಜೀನ್ ಸೇರಿಸದೆ ಗಿಡದ ಸ್ವಂತ ಜೀನನ್ನೇ ತಿದ್ದಿದ ತಳಿಗಳಿಗೆ ಕೇಂದ್ರ ಸರ್ಕಾರ 2022ರ ಮಾರ್ಚಿನಲ್ಲಿ 1989ರ ಜೈವಿಕ ಸುರಕ್ಷತಾ ನಿಯಮಗಳ ಕೆಲವು ಭಾಗಗಳಿಂದ ವಿನಾಯಿತಿ ನೀಡಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು: ಸಾಂಬಾ ಮಸೂರಿಯಿಂದ ಬಂದ ಡಿಆರ್‌ಆರ್ ಧಾನ್ 100, ಎಂಟಿಯು 1010ರಿಂದ ಬಂದ ಪೂಸಾ ಡಿಎಸ್‌ಟಿ ರೈಸ್ 1. ಇವುಗಳ ಹೊಲದ ಪರೀಕ್ಷೆಯ ಅಂಕಿಅಂಶಗಳ ಬಗ್ಗೆ ಆಕ್ಷೇಪಗಳೂ ಬಂದವು. ತಿದ್ದುಪಡಿಯ ವಿಧಾನ ನಿಖರವಾದುದೇ. ಆದರೆ ಎಷ್ಟು ಕೇಂದ್ರಗಳಲ್ಲಿ, ಎಷ್ಟು ಹಂಗಾಮು, ಯಾವ ಮಣ್ಣಿನಲ್ಲಿ ಬೆಳೆದು ನೋಡಿದರು ಎಂಬುದನ್ನು ಸಾಲುಸಾಲಾಗಿ ಸಾರ್ವಜನಿಕರ ಮುಂದಿಟ್ಟರೆ ಮಾತ್ರ ಬಿತ್ತುವವರು ಅದನ್ನು ನಂಬುತ್ತಾರೆ. ನಾನು ಈ ತಂತ್ರಜ್ಞಾನದ ಪರ. ಅದಕ್ಕಾಗಿಯೇ ಪರೀಕ್ಷೆಯ ಪುಸ್ತಕ ತೆರೆದಿರಬೇಕೆಂದು ಕೇಳುತ್ತೇನೆ.

ಹಾಗಾದರೆ ಇಲ್ಲಿ ಆಗಬೇಕಾದದ್ದೇನು? ಪಾವಗಡದ 13,000 ಎಕರೆಯಲ್ಲಿ ಒಂದು ಎಕರೆಯನ್ನು ಹೊಸ ಬಗೆಯ ಕೋಶಗಳ ಬಯಲು ಪರೀಕ್ಷೆಗೆ ಇಟ್ಟು, ಅವುಗಳ ಉಷ್ಣತೆ, ಧೂಳು, ವಿದ್ಯುತ್ ಮತ್ತು ಕೆಳಗಿನ ಮಣ್ಣಿನ ಸೀಸವನ್ನು ವರ್ಷವಿಡೀ ಅಳೆದು ಪ್ರಕಟಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣ ಪಕ್ಕದ ಚಳ್ಳಕೆರೆಯಲ್ಲೇ ಇದೆ. ತಮಕದ, ಚಿಂತಾಮಣಿಯ, ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮುಟುರಿದ ಎಲೆಯನ್ನು ತೆಗೆದುಕೊಂಡು ಅದರಲ್ಲಿ ಯಾವ ಯಾವ ವೈರಸ್ ಇದೆ ಎಂದು ಹೇಳುವ ಪರೀಕ್ಷೆ ಬೆಳೆಗಾರರ ಕೈಗೆಟುಕುವಂತಿದ್ದರೆ, ಆ ಉತ್ತರಗಳೆಲ್ಲ ಸೇರಿ ಎರಡು ಮೂರು ಹಂಗಾಮಿನಲ್ಲಿ ಕೋಲಾರ ಸೀಮೆಯ ರೋಗದ ನಕ್ಷೆಯಾಗುತ್ತವೆ. ಮಾಹಿತಿ ಕೊಟ್ಟವರಿಗೆ ಪಾಲು ಕೊಡುವುದೂ ನಮಗೆ ಹೊಸದಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದ ಒಂದೇ ಒಂದು ಕೆಂಪು ತೊಳೆಯ ಹಲಸಿನ ಮರವನ್ನು ಗುರುತಿಸಿ ‘ಸಿದ್ದು’ ತಳಿಯೆಂದು ಹೆಸರಿಸಿದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಗಿಡಗಳ ಮಾರಾಟದ ಹಣದಲ್ಲಿ ಹೆಚ್ಚಿನ ಪಾಲು ಆ ಕುಟುಂಬಕ್ಕೇ ಹೋಗುವಂತೆ ಒಪ್ಪಂದ ಮಾಡಿಕೊಂಡಿತು. ಮರಕ್ಕೆ ಆದದ್ದು ಮಾಹಿತಿಗೂ ಆಗಬಹುದು: ಹೊಲದ ಫಲಿತಾಂಶದಿಂದ ಕಲಿತ ಕಂಪ್ಯೂಟರ್ ಮಾದರಿ ನಾಳೆ ಬೀಜದ ರೂಪದಲ್ಲಿ ಮಾರಾಟವಾದಾಗ, ಆ ಹೊಲಗಳ ಹೆಸರು ಲೆಕ್ಕದಲ್ಲಿರಬೇಕು.

ಅಂದು ಮುಳಬಾಗಿಲು ರಸ್ತೆಯ ತೋಟದಿಂದ ಹೊರಡುವಾಗ ಅಕ್ಕ ಆ ಮೂರನೇ ಗಿಡವನ್ನು ಬೇರುಸಮೇತ ಕಿತ್ತು, ನೊಣ ಹಾರದಂತೆ ರಸಗೊಬ್ಬರದ ಖಾಲಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ರೋಗ ಹರಡದಿರಲು ಮಾಡಬೇಕಾದದ್ದು ಅದೇ. ಅದೇ ಸಾಲಿನಲ್ಲಿ ಅಂಥ ಹನ್ನೊಂದು ಗಿಡಗಳನ್ನು ಆಗಲೇ ಕಿತ್ತಿದ್ದರು. ಯಾವ ಗಿಡ, ಯಾವ ದಿನ, ಎಷ್ಟನೇ ಸಾಲು ಎಂಬುದೆಲ್ಲ ಅವರಿಗೆ ಬಾಯಲ್ಲೇ ಇತ್ತು. ಸಂಜೆ ಚೀಲಕ್ಕೆ ಬೆಂಕಿ ಹಾಕುವುದಾಗಿ ಹೇಳಿದರು.